ಜೀಪು ಕಲಿಸಿದ ಹೊಂದಾಣಿಕೆ

ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಜೀಪು ನಿಂತಿದೆ. ಅದರ ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕುತ್ತದೆ. ಬೇಸಿಗೆಯಲ್ಲಿ ಹೊರಗೆ ತಂದು ನಿಲ್ಲಿಸಿದರೆ ಬಾನೆಟ್ಟಿನ ಮೇಲೆ ಹಳೆಯ ಸೀರೆ ಹಾಸಿ ನಾನು ಸಂಡಿಗೆ ಒಣಗಿಸುತ್ತೇನೆ. ಇಷ್ಟಾದರೂ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಇಂದಿಗೂ ಗುಡುಗುಟ್ಟುತ್ತಾ ಏಳುತ್ತದೆ. ಆ ಗುಡುಗು ಅದರ ಹುಟ್ಟಿನ ದನಿಯಲ್ಲ. ಅದು ಪೆಟ್ರೋಲ್ ಜೀಪಾಗಿ ಹುಟ್ಟಿ, ನಡುವಯಸ್ಸಿನಲ್ಲಿ ಡೀಸೆಲ್ ಎಂಜಿನ್ ಹಾಕಿಸಿಕೊಂಡ ಗಾಡಿ. ಹೆಂಗಸರಿಗೆ ಎಂಜಿನ್ನಿನ ಮಾತೇಕೆ ಎಂದು ನೀವು ಕೇಳಬಹುದು. ನನಗೂ ಬೇಕಿರಲಿಲ್ಲ. ಆದರೆ ಆ ಮನೆಗೆ ನಾನು ಸೊಸೆಯಾಗಿ ಬಂದದ್ದಕ್ಕೂ ಆ ಜೀಪಿಗೆ ಹೊಸ ಎಂಜಿನ್ ಬಂದದ್ದಕ್ಕೂ ನಡುವೆ ಒಂದು ವರ್ಷವೂ ಅಂತರವಿರಲಿಲ್ಲ. ಹೀಗಾಗಿ ನಮ್ಮಿಬ್ಬರ ಕಥೆಯೂ ಒಂದಕ್ಕೊಂದು ಹೆಣೆದುಕೊಂಡಿದೆ.

ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪಿಗೆ ಹೊಂದಿಕೊಂಡ ಹಳ್ಳಿ ನಮ್ಮದು. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು 1970ರ ದಶಕದಲ್ಲಿ ಸರ್ಕಾರ ತಂದು ನೆಲೆಗೊಳಿಸಿದ ಜಾಗ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಸೀಮೆಯಲ್ಲಿ ನೆಲ್ಲು ನಿಂತಿತು. ನೆಲವೋ ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಳೆ ಬಿದ್ದರೆ, ಕಾಲುವೆ ಬಿಟ್ಟರೆ, ಚಪ್ಪಲಿಯನ್ನೇ ಕಿತ್ತುಕೊಳ್ಳುವ ಅಂಟು. ಅಂಥ ದಾರಿಯಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಹೊಲ ಮುಟ್ಟಲು ಎತ್ತಿನ ಬಂಡಿ, ಟ್ರ್ಯಾಕ್ಟರು ಬಿಟ್ಟರೆ ನಾಲ್ಕೂ ಗಾಲಿ ಎಳೆಯುವ ಜೀಪೇ ಗತಿ. ನಮ್ಮ ಮಾವನವರು ಒಂದು ಇಲಾಖೆಯ ಹರಾಜಿನಲ್ಲಿ ಅದನ್ನು ಹಿಡಿದಿದ್ದರು. ಹಳೆಯ ವಿಲ್ಲೀಸ್ ಮಾದರಿ, ಮಹೀಂದ್ರಾದವರು ಇಲ್ಲೇ ತಯಾರಿಸಿದ್ದು.

ನಾನು ಮದುವೆಯಾಗಿ ಬಂದದ್ದು 1990ರಲ್ಲಿ. ಅದೇ ವರ್ಷ ಕೊಲ್ಲಿಯಲ್ಲಿ ಬಿಕ್ಕಟ್ಟು ಶುರುವಾಗಿ ಪೆಟ್ರೋಲಿನ ಬೆಲೆ ಏರಿತು. ನಮ್ಮ ಜೀಪು ಮೊದಲೇ ಕುಡುಕ. ಲೀಟರಿಗೆ ಏಳೆಂಟು ಕಿಲೋಮೀಟರು ಕೊಟ್ಟರೆ ಅದು ಪುಣ್ಯದ ದಿನ. ಕೆಸರಿನಲ್ಲಿ ನಾಲ್ಕೂ ಗಾಲಿ ಹಾಕಿದರೆ ಅದೂ ಇಲ್ಲ. ಮಾವನವರು ಸಂಜೆ ಲೆಕ್ಕದ ಪುಸ್ತಕ ಹಿಡಿದು ಕೂತರೆ ಮನೆಯೆಲ್ಲ ಗಪ್‌ಚಿಪ್. ಆ ದಿನಗಳಲ್ಲಿಯೇ ನಾನು ನನ್ನ ಮನಸ್ಸಿನ ಮಾತನ್ನು ಬಾಯಿಬಿಟ್ಟೆ. ನನ್ನದು ಬಿ.ಎ. ಮುಗಿದಿತ್ತು. ಬಿ.ಎಡ್. ಮಾಡಿ ಟೀಚರಾಗಬೇಕೆಂಬ ಆಸೆ. ಮದುವೆಗೆ ಮೊದಲು “ನೋಡೋಣಂತ” ಎಂದಿದ್ದವರು ಈಗ ಪೆಟ್ರೋಲಿನ ಲೆಕ್ಕ ತೋರಿಸಿದರು. ಅತ್ತೆಯವರು ಕೆಟ್ಟವರಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಮೆಲ್ಲಗೆ ಹೇಳಿದರು: “ನೋಡವ್ವ, ಬಂದ ಮನಿಗಿ ಹೊಂದ್ಕೊಂಡು ಹೋಗಬೇಕು. ನಾವೆಲ್ಲಾ ಹಂಗ ಬಂದೀವಿ.” ನಾನು ಹಿಟ್ಟು ನಾದುತ್ತಾ ಕೂತೆ.

ಮರುವರ್ಷ ಮಾವನವರು ಎಲ್ಲಿಂದಲೋ ಒಂದು ಡೀಸೆಲ್ ಎಂಜಿನ್ನಿನ ಸುದ್ದಿ ತಂದರು. ಅಪಘಾತದಲ್ಲಿ ನುಜ್ಜಾಗಿ ಗುಜರಿಗೆ ಬಂದಿದ್ದ ಇನ್ನೊಂದು ಜೀಪಿನ ಎಂಜಿನ್, ಒಳ್ಳೆ ಸ್ಥಿತಿಯಲ್ಲಿದೆ ಎಂದು. ಫ್ರಾನ್ಸಿನ ಪ್ಯೂಜೋ ಕಂಪನಿಯ ಪರವಾನಗಿ ಪಡೆದು ಮಹೀಂದ್ರಾದವರು ತಯಾರಿಸುತ್ತಿದ್ದ ಎಂಜಿನ್ ಅದು. ಹೆಸರು ಎಕ್ಸ್‌ಡಿಪಿ 4.90. ಆ ಅಂಕಿಗೊಂದು ಅರ್ಥವಿದೆ: ನಾಲ್ಕು ಸಿಲಿಂಡರು, ಒಂದೊಂದರ ಬಾಯಿ 90 ಮಿಲಿಮೀಟರ್. ಒಟ್ಟು 2112 ಸಿ.ಸಿ. ನಮ್ಮ ಪೆಟ್ರೋಲ್ ಎಂಜಿನ್ನೂ ಹತ್ತಿರಹತ್ತಿರ ಅಷ್ಟೇ, 2.2 ಲೀಟರಿನದು. “ಅಳತಿ ಒಂದ ಐತಿ, ಕಂಪನಿ ಒಂದ ಐತಿ, ಕೂಡದ ಏನು?” ಎಂದರು ಮಾವನವರು. ಜಾತಕದಲ್ಲಿ ಗುಣ ಕೂಡಿಬಂದಷ್ಟು ಖುಷಿ.

ಸಿಂಧನೂರಿನ ನಮ್ಮ ಮಿಸ್ತ್ರಿ ಚಾಚಾ ತಲೆ ಅಲ್ಲಾಡಿಸಿದರು. ಬಿಳಿ ಗಡ್ಡ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಗ್ರೀಸು. “ಗೌಡ್ರ, ಎಂಜಿನ್ ಬದ್ಲಿ ಮಾಡದಂದ್ರ ನಾಕು ಬೋಲ್ಟ್ ಬಿಚ್ಚಿ ನಾಕು ಬೋಲ್ಟ್ ಬಿಗಿಯದಲ್ಲ. ಬರೋದಕ್ಕ ಜಾಗ ಮಾಡಬೇಕು” ಎಂದು ಒಂದು ಚೀಟಿ ಬರೆಸಿದರು. ಬರೆದುಕೊಂಡವಳು ನಾನೇ, ಏಕೆಂದರೆ ಚಾಚಾಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ನಮ್ಮ ಮನೆಯಂಗಳದಲ್ಲೇ ಬೇವಿನ ಮರಕ್ಕೆ ಚೈನ್ ಕಪ್ಪಿ ಕಟ್ಟಿ ಎಂಜಿನ್ ಎತ್ತಿದ್ದರಿಂದ, ಚಹಾ ಕೊಡುವ ನೆಪದಲ್ಲಿ ಹತ್ತು ದಿನ ನಾನು ಎಲ್ಲವನ್ನೂ ನೋಡಿದೆ.

ಮೊದಲನೆಯದು ಎಂಜಿನ್ನಿಗೂ ಗೇರ್ ಬಾಕ್ಸಿಗೂ ಕೂಡಿಸುವ ಕೆಲಸ. ಎರಡರ ಬೋಲ್ಟಿನ ತೂತುಗಳು ಎದುರುಬದುರಾಗಿ ಬರಲಿಲ್ಲ. ಹಾಗೆಂದು ಎಂಜಿನ್ನನ್ನು ಕೊರೆಯಲಿಲ್ಲ, ಗೇರ್ ಬಾಕ್ಸನ್ನೂ ಕೊರೆಯಲಿಲ್ಲ. ನಡುವೆ ಕೂರಲು ದಪ್ಪ ಉಕ್ಕಿನ ಒಂದು ಪ್ಲೇಟನ್ನು ಲೇತ್‌ನಲ್ಲಿ ಮಾಡಿಸಿದರು. ಅದರ ಒಂದು ಮುಖದ ತೂತು ಎಂಜಿನ್ನಿಗೆ, ಇನ್ನೊಂದು ಮುಖದ್ದು ಗೇರ್ ಬಾಕ್ಸಿಗೆ. ಅಡಾಪ್ಟರ್ ಪ್ಲೇಟ್ ಎನ್ನುತ್ತಾರೆ. ಅದಕ್ಕೂ ಮಿಗಿಲಾದದ್ದು ಸೆಂಟರು. ಗೇರ್ ಬಾಕ್ಸಿನಿಂದ ಬರುವ ಶಾಫ್ಟಿನ ತುದಿ ಎಂಜಿನ್ನಿನ ಕ್ರ್ಯಾಂಕಿನ ನಡುವಿನ ಸಣ್ಣ ಬೇರಿಂಗಿನಲ್ಲಿ ಕೂರಬೇಕು. ಕೂದಲೆಳೆಯಷ್ಟು ಓರೆಯಾದರೂ ಅಂದು ಏನೂ ತಿಳಿಯುವುದಿಲ್ಲ. ಆರು ತಿಂಗಳಾದ ಮೇಲೆ ಬೇರಿಂಗ್ ಅರಚುತ್ತದೆ, ಕ್ಲಚ್ ಬಿಡುವುದಿಲ್ಲ. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೂ ಶಾಫ್ಟಿನ ಹಲ್ಲುಗಳೂ ಎಣಿಕೆಯಲ್ಲಿ, ದಪ್ಪದಲ್ಲಿ ಒಂದೇ ಇರಬೇಕು. ಡಯಲ್ ಗೇಜು ಹಚ್ಚಿ ಚಾಚಾ ಒಂದು ಇಡೀ ಮಧ್ಯಾಹ್ನ ಬರೀ ಸೆಂಟರು ನೋಡಿದರು. “ಇದೊಂದು ಸರಿ ಆದ್ರ ಅರ್ಧ ಸಂಸಾರ ಸರಿ ಆದಂಗ ಬೇಟಿ” ಎಂದರು.

ಎರಡನೆಯದು ಫೌಂಡೇಶನ್, ಎಂದರೆ ಎಂಜಿನ್ ಕೂರುವ ಬ್ರಾಕೆಟ್ಟು ಮತ್ತು ರಬ್ಬರು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು 7 ಪಟ್ಟು ಅದುಮಿ ಕಿಡಿ ಕೊಟ್ಟು ಉರಿಸುತ್ತದೆ. ಡೀಸೆಲಿನಲ್ಲಿ ಕಿಡಿಯೇ ಇಲ್ಲ. 20 ಪಟ್ಟಿನ ಆಸುಪಾಸು ಅದುಮಿದಾಗ ಗಾಳಿಯೇ ಕಾದು ಎಣ್ಣೆಗೆ ಬೆಂಕಿ ಹತ್ತುತ್ತದೆ. ಆದ್ದರಿಂದ ಅದರ ನಡುಕ ಹೆಚ್ಚು, ತೂಕ ಹೆಚ್ಚು. ತಿರುಗಿಸಲು ದೊಡ್ಡ ಸೆಲ್ಫ್ ಮೋಟಾರು, ಅದಕ್ಕೆ ತಕ್ಕ ಬ್ಯಾಟರಿ ಬೇಕು. ಕಾರ್ಬುರೇಟರು, ಕಾಯಿಲು, ಸ್ಪಾರ್ಕ್ ಪ್ಲಗ್ಗು ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹೋದವು. ಅವುಗಳ ಬದಲು ಪಂಪು, ನಾಜಲ್ಲು, ಹೀಟರ್ ಪ್ಲಗ್ಗು, ಉಳಿದ ಎಣ್ಣೆ ಟ್ಯಾಂಕಿಗೆ ಹಿಂದಿರುಗುವ ಇನ್ನೊಂದು ಪೈಪು ಬಂದವು.

ಚೀಟಿಯಲ್ಲಿ ಇನ್ನೂ ಮೂರು ಬಾಬ್ತುಗಳಿದ್ದವು: ದೊಡ್ಡ ರೇಡಿಯೇಟರು, ಮುಂದಿನ ಕಟ್ಟಿಗೆ ಒಂದೊಂದು ಹೆಚ್ಚಿನ ಪಟ್ಟಿ, ಮತ್ತು ಬ್ರೇಕು. ಮಾವನವರು ಮೂರನ್ನೂ ಪೆನ್ನಿನಿಂದ ಹೊಡೆದು ಹಾಕಿದರು. “ಇದ್ದದ್ದ ಐತಲ್ಲ. ಎಂಜಿನ್ನಾ ಹೊಂದ್ಕೊಂತೈತಿ ಬಿಡು.” ನಾನು ಕಪ್ಪು ತೆಗೆದುಕೊಳ್ಳಲು ಬಗ್ಗಿದವಳು ಆ ಮಾತು ಕೇಳಿ ಅತ್ತೆಯ ಮುಖ ನೋಡಿದೆ. ಅತ್ತೆಯವರು ಬೇರೆ ಕಡೆ ನೋಡುತ್ತಿದ್ದರು.

ಅಂತೂ ಜೀಪು ಹೊರಟಿತು. ಡೀಸೆಲಿನ ಲೆಕ್ಕ ನೋಡಿ ಮಾವನವರ ಮೀಸೆ ನಕ್ಕಿತು. ಮೊದಲ ಮಳೆ ಬಂತು ನೋಡಿ, ವೈಪರ್ ಅಲ್ಲಾಡಲಿಲ್ಲ. ನಮ್ಮವರು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಹೊರಗಿನಿಂದ ಗಾಜು ಒರೆಸುತ್ತಾ ಸಿಂಧನೂರಿನಿಂದ ಬಂದರು. ವೈರು ಕಡಿದಿದೆ ಎಂದು ಹುಡುಕಿದರೆ ಅದಕ್ಕೆ ವೈರೇ ಇಲ್ಲ! ಹಳೆಯ ಜೀಪಿನ ವೈಪರ್ ನಡೆಯುತ್ತಿದ್ದುದು ಕರೆಂಟಿನಿಂದಲ್ಲ, ಎಂಜಿನ್ನಿನ ಉಸಿರಿನಿಂದ. ಪೆಟ್ರೋಲ್ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಒಂದು ಸಣ್ಣ ಬಾಗಿಲಿರುತ್ತದೆ. ಅದು ಅರೆಮುಚ್ಚಿದಾಗ ಒಳಗೆ ನಿರ್ವಾತ ಉಂಟಾಗಿ, ಆ ಎಳೆತವೇ ಒಂದು ಕೊಳವೆಯ ಮೂಲಕ ವೈಪರನ್ನು ಆಡಿಸುತ್ತಿತ್ತು. ನಮ್ಮ ಡೀಸೆಲ್ ಎಂಜಿನ್ನಿಗೆ ಆ ಬಾಗಿಲಿಲ್ಲ, ಎಳೆತವೂ ಇಲ್ಲ. ಹೋದ ಎಂಜಿನ್ ಯಾರಿಗೂ ಕಾಣದಂತೆ ಮಾಡುತ್ತಿದ್ದ ಚಿಕ್ಕ ಕೆಲಸ ಅದು ಹೋದ ಮೇಲೆಯೇ ತಿಳಿಯಿತು. ಮನೆಯಲ್ಲಿ ಹೆಂಗಸು ನಾಲ್ಕು ದಿನ ತವರಿಗೆ ಹೋದಾಗ ಆಗುತ್ತದಲ್ಲ, ಹಾಗೆ. ಚಾಚಾ ಕರೆಂಟಿನ ವೈಪರ್ ಮೋಟಾರು ಹಾಕಿ ಕೊಟ್ಟರು.

ಬೇಸಿಗೆಗೆ ರೇಡಿಯೇಟರು ಕುದಿಯತೊಡಗಿತು. ಹೊಲಕ್ಕೆ ಹೋಗುವಾಗ ಬುತ್ತಿಯ ಜೊತೆ ಜೀಪಿಗೂ ಒಂದು ಕೊಡ ನೀರು. ಆಮೇಲೆ ಮುಂದಿನ ಕಟ್ಟು ಭಾರಕ್ಕೆ ಕುಸಿಯಿತು. ನಾಲ್ಕು ಗಾಲಿ ಎಳೆಯುವ ಜೀಪಿಗೆ ಮುಂದುಗಡೆಯೂ ಒಂದು ಹೌಸಿಂಗ್ ಇರುತ್ತದೆ, ಎಂಜಿನ್ನಿನ ಎಣ್ಣೆ ಚೇಂಬರಿನ ಹತ್ತಿರದಲ್ಲೇ. ಕಟ್ಟು ಕುಸಿದರೆ ಎರಡರ ನಡುವಿನ ಜಾಗ ಕಡಿಮೆಯಾಗುತ್ತದೆ. ಒಂದು ದಿನ ಗುಂಡಿಯಲ್ಲಿ ಇಳಿದಾಗ ಹೌಸಿಂಗ್ ಮೇಲೆದ್ದು ಚೇಂಬರಿಗೆ ಗುದ್ದಿ, ಅಂಗಳದವರೆಗೆ ಎಣ್ಣೆಯ ಗೆರೆ. ಮಾವನವರು ಬೈದದ್ದು ಎಂಜಿನ್ನಿಗೆ: “ಇದರ ಹಣೆಬಾರನಾ ಇಷ್ಟು. ಹಳೇದು ಎಂದಾರಾ ಹಿಂಗ ಮಾಡಿತ್ತಾ?” ಪಾಪ, ಎಂಜಿನ್ನಿನಲ್ಲಿ ಒಂದು ದೋಷವೂ ಇರಲಿಲ್ಲ.

1992ರ ಮಳೆಗಾಲ. ನಾಟಿಯ ದಿನ. ಮಾವನವರು ಗೊಬ್ಬರದ ಚೀಲ ಹೇರಿಕೊಂಡು ಹೊಲಗಾಲುವೆಯ ನೀರು ದಾಟಿ, ಕಾಲುವೆಯ ಏರಿಯ ಮೇಲಿನ ದಾರಿಗೆ ಬಂದಿದ್ದಾರೆ. ನಾಲ್ಕೂ ಗಾಲಿಯ ಡ್ರಮ್ಮಿನೊಳಗೆ ನೀರು ಹೊಕ್ಕಿದೆ. ಅದು ಮೊದಲೇ ಸವೆದ ಬ್ರೇಕು, ಹಗುರ ಎಂಜಿನ್ನಿಗೆಂದು ಮಾಡಿದ್ದು. ಈಗ ಮುಂದುಗಡೆ ಭಾರ ಜಾಸ್ತಿ. ಇಳಿಜಾರಿನ ತಿರುವಿನಲ್ಲಿ ಎರಡು ಕಾಲಿನಿಂದ ತುಳಿದರೂ ನಿಲ್ಲಲಿಲ್ಲವಂತೆ. ಜೀಪಿನ ಹಿಂಭಾಗ ಸೇತುವೆಯ ಕಲ್ಲಿಗೆ ಬಡಿದು, ಮೂತಿ ಕಾಲುವೆಯಲ್ಲಿ ಮುಳುಗಿತು. ನಾಟಿ ಹಚ್ಚುತ್ತಿದ್ದ ಹೆಣ್ಣಾಳುಗಳೂ ಕ್ಯಾಂಪಿನ ಇಬ್ಬರು ಬಂಗಾಳಿ ಹುಡುಗರೂ ನೀರಿಗಿಳಿದು ಮಾವನವರನ್ನು ಎಳೆದು ದಡಕ್ಕೆ ಹಾಕಿದರು. ಬಲಗೈ ಮುರಿದಿತ್ತು. ಸುದ್ದಿ ಮುಟ್ಟಿದಾಗ ಅತ್ತೆಯವರು ರೊಟ್ಟಿಯ ಹಂಚನ್ನು ಬರಿಗೈಯಲ್ಲಿ ಹಿಡಿದು ಕೆಳಗಿಟ್ಟದ್ದು ನನಗಿನ್ನೂ ಕಣ್ಣ ಮುಂದಿದೆ. ಅಂಗೈಯ ಬೊಬ್ಬೆ ಅವರಿಗೆ ಗೊತ್ತಾದದ್ದು ರಾತ್ರಿ.

ಮೂರನೆಯ ದಿನ ಚಾಚಾ ಬಂದರು. ಹೊರಸಿನ ಮೇಲೆ ಕೈಕಟ್ಟು ಹಾಕಿಕೊಂಡು ಕೂತಿದ್ದ ಮಾವನವರ ಎದುರಿಗೆ ಕೂತು, ಅವರಿಗಿಂತ ಹಿರಿಯರಾಗಿದ್ದರಿಂದ ಸಲುಗೆಯಿಂದಲೇ ಬೈದರು. “ಗೌಡ್ರ, ಹೊಸಾದು ತಂದು ಕೂಡಿಸಿದ್ರಿ. ಅದರ ದುಡಿತ ಬೇಕಂದ್ರಿ. ಉಳದದ್ದೆಲ್ಲಾ ಹೆಂಗಿತ್ತೋ ಹಂಗ ಇರಲಿ, ಅದೊಂದಾ ಹೊಂದ್ಕೊಳ್ಳಲಿ ಅಂದ್ರ ಹೆಂಗ? ಹೊಂದಾಣಿಕಿ ಅನ್ನೋದು ಬಂದದ್ದರ ಕೆಲಸ ಅಲ್ರಿ. ಕರಕೊಂಡ ಗಾಡಿದು.”

ಚಾಚಾ ಜೀಪಿನ ಮಾತನ್ನೇ ಆಡಿದ್ದರು, ಬೇರೆ ಯಾವ ಅರ್ಥವೂ ಅವರ ತಲೆಯಲ್ಲಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ನನ್ನ ಕಡೆ ನೋಡಿದರು. ಅಂದು ರಾತ್ರಿ ಅವರ ಸುಟ್ಟ ಅಂಗೈಗೆ ಬೆಣ್ಣೆ ಸವರುತ್ತಿದ್ದಾಗ ಕೇಳಿದರು: “ಆ ಬಿಡ್ಡಿಗೆ ಎಷ್ಟು ದಿನದ ಓದವ್ವ?” ಬಿ.ಎಡ್. ಅವರ ಬಾಯಲ್ಲಿ ಎಂದೂ ಬಿಡ್ಡಿಯೇ. ಒಂದು ವರ್ಷ ಎಂದೆ. “ಒಂದು ವರ್ಷ ರೊಟ್ಟಿ ನಾನಾ ಬಡೀತೀನಿ. ಹೋಗಿ ಬಾ” ಎಂದರು. ಇದು ಕಥೆಯಲ್ಲಿ ಆಗುವಂತೆ ಸಲೀಸಾಗಿ ಆಗಲಿಲ್ಲ. ಮಾವನವರು ನನ್ನೊಡನೆ ಎರಡು ತಿಂಗಳು ಮಾತಾಡಲಿಲ್ಲ. ಆದರೆ ಜೀಪಿಗೆ ಹೊಸ ಬ್ರೇಕ್ ಲೈನರು, ಸಿಲಿಂಡರು, ಕಟ್ಟಿನ ಪಟ್ಟಿ, ರೇಡಿಯೇಟರು ಎಲ್ಲ ಬಂದವು. ನನ್ನ ಫೀಜೂ ಕಟ್ಟಿದರು. ಎರಡನ್ನೂ ಒಂದೇ ಪುಟದಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕ ಈಗ ನನ್ನ ಬೀರುವಿನಲ್ಲಿದೆ.

ಆ ಜೀಪಿನಿಂದ ಕಲಿತ ಇನ್ನೊಂದು ಪಾಠ ಹೇಳದಿದ್ದರೆ ಅರ್ಧ ಹೇಳಿದಂತಾಗುತ್ತದೆ. ಕಲ್ಲಿಗೆ ಬಡಿದ ಹೊಡೆತಕ್ಕೆ ಹಿಂದಿನ ಹೌಸಿಂಗ್ ಬಾಗಿತ್ತು. ಹಳೆಯ ಮಿಲಿಟರಿ ಜೀಪಿನದೊಂದು ಗುಜರಿಯಲ್ಲಿ ಸಿಕ್ಕಿತು. ಹೊಸ ಬೋಲ್ಟಿನಿಂದ ಬಿಗಿದರೆ ಕೂತೇಬಿಟ್ಟಿತು. ರಸ್ತೆಯಲ್ಲೂ ಸರಿ, ಕೆಸರಿನಲ್ಲೂ ಸರಿ. ಆದರೆ ಗಟ್ಟಿ ನೆಲದಲ್ಲಿ ನಾಲ್ಕು ಗಾಲಿ ಹಾಕಿದರೆ ಮಾತ್ರ ಜೀಪು ನರಳುತ್ತಿತ್ತು, ಹಗ್ಗ ಕಟ್ಟಿ ಹಿಂದಕ್ಕೆ ಎಳೆದಂತೆ. ನಾನು ಓದಿನ ನಡುವೆ ರಜೆಗೆ ಬಂದಿದ್ದೆ. ಚಾಚಾ ಎರಡೂ ಹೌಸಿಂಗ್ ಬಿಚ್ಚಿ ಹಲ್ಲು ಎಣಿಸಲು ನನ್ನನ್ನೇ ಕರೆದರು. ಮುಂದಿನದರಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43. ಹಿಂದಿನದರಲ್ಲಿ 8 ಮತ್ತು 39. ಕಾಗದದ ಮೇಲೆ ಭಾಗಿಸಿ ನೋಡಿದೆ: 5.375 ಮತ್ತು 4.875. ಎಂಜಿನ್ನಿನ ಕಡೆಯ ಶಾಫ್ಟು ನೂರು ಸುತ್ತು ತಿರುಗಿದರೆ ಮುಂದಿನ ಗಾಲಿ ಸುಮಾರು ಹದಿನೆಂಟೂವರೆ ಸುತ್ತು ಹೋಗಬೇಕು ಎನ್ನುತ್ತದೆ, ಹಿಂದಿನದು ಇಪ್ಪತ್ತೂವರೆ ಎನ್ನುತ್ತದೆ. ಕೆಸರಿನಲ್ಲಿ ಗಾಲಿ ಜಾರುವುದರಿಂದ ವ್ಯತ್ಯಾಸ ಮುಚ್ಚಿಹೋಗುತ್ತದೆ. ಗಟ್ಟಿ ನೆಲದಲ್ಲಿ ಜಾರಲು ಎಡೆಯಿಲ್ಲ. ಯಾವುದೋ ಒಂದು ಹಲ್ಲು ಮುರಿಯಲೇಬೇಕು. “ಬೋಲ್ಟು ಕೂತಾವ ಅಂದ್ರ ಜೋಡಿ ಕೂತೈತಿ ಅಂತಲ್ಲ ಬೇಟಿ” ಎಂದರು ಚಾಚಾ. ಅದಕ್ಕೂ 43ರದೇ ಕ್ರೌನು ಹುಡುಕಿ ಹಾಕಿದ ಮೇಲೆ ನರಳಾಟ ನಿಂತಿತು.

ಎಷ್ಟೋ ವರ್ಷಗಳ ಮೇಲೆ ನನ್ನ ಮಗ ಒಂದು ವಿಷಯ ಹೇಳಿದ. ಯುದ್ಧಕಾಲದ ವಿಲ್ಲೀಸ್ ಜೀಪಿನ ಬಾನೆಟ್ಟು ತಗ್ಗಾಗಿತ್ತಂತೆ. ಆಮೇಲೆ ಕಂಪನಿಯವರು ಹೆಚ್ಚು ಶಕ್ತಿಯ ಹರಿಕೇನ್ ಎಂಬ ಎಂಜಿನ್ ಮಾಡಿದರು. ಅದು ಎತ್ತರವಾಗಿತ್ತು, ಹಳೆಯ ಬಾನೆಟ್ಟಿನೊಳಗೆ ಹಿಡಿಸಲಿಲ್ಲ. 1953ರಲ್ಲಿ ಬಂದ ಸಿಜೆ-3ಬಿ ಮಾದರಿಗೆ ಬಾನೆಟ್ಟನ್ನೇ ಎತ್ತರಿಸಿದರು. ಮಹೀಂದ್ರಾದವರು ದಶಕಗಳ ಕಾಲ ಮಾಡಿದ ಜೀಪುಗಳ ಮುಖ ಅದೇ ಎತ್ತರದ ಮುಖ; ನಮ್ಮದರದೂ ಅದೇ. ನಾನು ಇಷ್ಟು ವರ್ಷ ಸಂಡಿಗೆ ಒಣಗಿಸಿದ ಬಾನೆಟ್ಟು ಬಂದವಳಿಗಾಗಿ ಎತ್ತರಿಸಿದ ಸೂರು ಎಂದು ತಿಳಿದು ಅದನ್ನೊಮ್ಮೆ ಮುಟ್ಟಿ ನೋಡಿದೆ.

ಮುಂದೆ ನನಗೆ ಕೆಲಸ ಸಿಕ್ಕು, ಕ್ಯಾಂಪಿನ ಮಕ್ಕಳಿಗೇ ಪಾಠ ಹೇಳುವ ಯೋಗ ಬಂತು. ಮೊದಲ ವಾರ ಒಬ್ಬ ಪುಟ್ಟ ಹುಡುಗ ನನ್ನ ಮೇಜಿನ ಹತ್ತಿರ ಬಂದು “ಜೋಲ್ ಖಾಬೋ” ಎಂದ. ನಾನು ಜೋಳ ಎಂದುಕೊಂಡೆ. ರೊಟ್ಟಿ ಕೇಳುತ್ತಿದ್ದಾನೆ, ಹಸಿವೆಯೇನೋ ಎಂದು “ಊಟದ ಬಿಡುವಿನಲ್ಲಿ ತಿನ್ನುವಿಯಂತೆ, ಕೂತ್ಕೋ” ಎಂದೆ. ಅವನು ಮತ್ತೆ ಬಂದ, ಮತ್ತೆ ಕೂರಿಸಿದೆ. ಮೂರನೆಯ ಸಲ ಅವನ ಕಣ್ಣಲ್ಲಿ ನೀರು. ದೊಡ್ಡ ತರಗತಿಯ ಹುಡುಗಿಯೊಬ್ಬಳು ಹೇಳಿದಳು: “ಅಕ್ಕೋರೆ, ಜೋಲ್ ಅಂದ್ರ ನೀರ್ರಿ.” ಬಂಗಾಳಿಯಲ್ಲಿ ನೀರನ್ನೂ ‘ತಿನ್ನುತ್ತೇನೆ’ ಎಂದೇ ಹೇಳುತ್ತಾರೆ. ಆ ಕೂಸು ಕನ್ನಡಕ್ಕೆ ಹೊಂದಿಕೊಳ್ಳಲಿ ಎಂದು ನಾನು ಕಾಯುತ್ತಾ ಕೂತಿದ್ದರೆ ಅದರ ಗಂಟಲು ಒಣಗುತ್ತಿತ್ತು. ಅಂದೇ ಒಂದು ನೋಟುಬುಕ್ಕಿನಲ್ಲಿ ಬಂಗಾಳಿ ಮಾತುಗಳನ್ನು ಬರೆದುಕೊಳ್ಳಲು ಶುರುಮಾಡಿದೆ. ಅದು ನನ್ನ ಅಡಾಪ್ಟರ್ ಪ್ಲೇಟು. ಒಂದು ಮುಖದ ತೂತು ಅವರಿಗೆ, ಇನ್ನೊಂದರದು ನಮಗೆ.

ಮಾವನವರೂ ಇಲ್ಲ, ಚಾಚಾನೂ ಇಲ್ಲ. ಅವರ ಗ್ಯಾರೇಜನ್ನು ಮೊಮ್ಮಗ ನಡೆಸುತ್ತಾನೆ. ಕಳೆದ ವರ್ಷ ನನ್ನ ಮಗ ಈ ಜೀಪಿಗೆ ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ ಹಾಕಿಸುತ್ತೇನೆಂದು ಹೊರಟ. ಆ ಹುಡುಗ ಅಜ್ಜನಂತೆಯೇ ತಲೆ ಅಲ್ಲಾಡಿಸಿದ. ಈಗಿನ ಎಂಜಿನ್ನಿಗೆ ಬೋಲ್ಟು, ಪ್ಲೇಟು ಸಾಲದು. ಅದರ ಕಂಪ್ಯೂಟರು, ಸೆನ್ಸರು, ವೈರಿಂಗು, ಕೀಲಿಯ ಗುರುತು ಎಲ್ಲವೂ ಜೊತೆಗೇ ಬರಬೇಕು. ತನ್ನವರ ಮಾತು ಕಿವಿಗೆ ಬೀಳದಿದ್ದರೆ ಅದು ಉಸಿರೇ ಎತ್ತುವುದಿಲ್ಲ. ಕಾನೂನೂ ಬಿಗಿಯಾಗಿದೆ. 1991ರಲ್ಲಿ ಮಾವನವರು ರಾಯಚೂರಿಗೆ ಓಡಾಡಿ ಆರ್.ಸಿ. ಪುಸ್ತಕದಲ್ಲಿ ಎಂಜಿನ್ ನಂಬರು, ಇಂಧನ ಎಲ್ಲ ತಿದ್ದಿಸಿದ್ದರು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ನಿಯಮ ಮೀರಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಬ್ರೇಕಿನ ವಿಷಯದಲ್ಲಿ ನಮ್ಮ ಮನೆ ಪಟ್ಟ ಪಾಡು ನೋಡಿದ ನನಗೆ ಈ ಬಿಗಿ ತಪ್ಪೆನಿಸುವುದಿಲ್ಲ. ಮಗ ಸುಮ್ಮನಾದ.

ಎಂಜಿನ್ನಿನ ಮಾತು ಬಿಟ್ಟವನು ಇನ್ನೊಂದು ಮಾತು ತೆಗೆದ. ಅವನು ಮೆಚ್ಚಿದ ಹುಡುಗಿ ಆರ್.ಎಚ್. ಕ್ಯಾಂಪಿನವಳು, ಬಂಗಾಳಿ. ನನ್ನ ಹತ್ತಿರವೇ ಅಆಇಈ ಕಲಿತ ಹುಡುಗಿ. ನಮ್ಮದು ಮೀನು ಮುಟ್ಟದ ಮನೆ. ಅವಳದು ಮೀನಿಲ್ಲದೆ ಹಬ್ಬವಿಲ್ಲದ ಮನೆ. ಬಂಧುಗಳು ಕೂಡಿದರು, ವಾದವಾಯಿತು. ಕೊನೆಗೆ ಹಿರಿಯರೊಬ್ಬರು, “ಆಯ್ತು, ಹುಡುಗಿ ಹೊಂದ್ಕೊಂಡು ಹೋದ್ರ ನಮ್ಮದೇನೂ ಇಲ್ಲ” ಎಂದು ತೀರ್ಪಿನಂತೆ ಹೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ನಿಜ ಹೇಳುತ್ತೇನೆ, “ಹೌದು” ಎನ್ನಲು ನನ್ನ ಬಾಯಿಯೂ ತೆರೆದಿತ್ತು. ಮೂವತ್ತೈದು ವರ್ಷ ಈ ಮನೆಯಲ್ಲಿ ಸವೆದ ಮೇಲೆ ನಾನೂ ಗಾಡಿಯ ಕಡೆಯವಳೇ ಆಗಿಬಿಟ್ಟಿದ್ದೆ.

ಅವತ್ತು ನಾನು ಉತ್ತರ ಕೊಡದೆ ಎದ್ದು ಬಂದೆ. ಮರುದಿನ ಒಂದು ಹಾಳೆ ತೆಗೆದುಕೊಂಡು ಚೀಟಿ ಬರೆಯಲು ಕೂತೆ. ಹಿತ್ತಲ ಕಡೆ ಇನ್ನೊಂದು ಒಲೆ. ದುರ್ಗಾಪೂಜೆಗೆ ತವರಿನಲ್ಲಿ ನಾಲ್ಕು ದಿನ. ಅವಳ ಕೆಲಸ ಬಿಡಿಸುವಂತಿಲ್ಲ. ಮನೆಯಲ್ಲಿ ಎಲ್ಲರೂ ಸ್ವಲ್ಪ ಬಂಗಾಳಿ ಕಲಿಯತಕ್ಕದ್ದು. ಮೊದಲ ಎರಡಕ್ಕೆ ನಮ್ಮವರು ಹೂಂ ಎಂದಿದ್ದಾರೆ. ಮೂರನೆಯದಕ್ಕೆ ಬಂಧುಗಳ ಕೊಸರಾಟ ನಡೆದಿದೆ. ನಾಲ್ಕನೆಯದಕ್ಕೆ ಎಲ್ಲರೂ ನಗುತ್ತಾರೆ. ಆದರೆ ಈ ಸಲ ಚೀಟಿಯ ಮೇಲೆ ಯಾರೂ ಪೆನ್ನಾಡಿಸದ ಹಾಗೆ ಅದನ್ನು ಆ ಹಳೆಯ ಲೆಕ್ಕದ ಪುಸ್ತಕದೊಳಗೆ, ಬ್ರೇಕ್ ಲೈನರಿನ ಖರ್ಚು ಬರೆದ ಪುಟದಲ್ಲೇ ಇಟ್ಟಿದ್ದೇನೆ.